ಕ್ಲಾರಿಯೋನೆಟ್ ದುರಗಪ್ಪನ ಎಂಜಲು

ಒಂದು ಬುಧವಾರ ಮುಂಜಾನೆ ದುರಗಪ್ಪ ಭಜಂತ್ರಿ ಹಾಸಿಗೆಯ ಮೇಲೆ ತಾವಾಗಿ ಎದ್ದು ಕೂತು, ಹೆಂಡತಿಯನ್ನು ಕರೆದು, “ಮಿರ್ಚಿ ಭಜಿ ತಿನಬೇಕು ಅನ್ಸಾಕತ್ತೇತಿ,” ಎಂದರು.

ಹನಮವ್ವ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗಂಡನ ಮುಖವನ್ನೇ ನೋಡಿದರು. ಎಷ್ಟೋ ದಿನಗಳಿಂದ ಆ ಮನುಷ್ಯನಿಗೆ ಅನ್ನದ ವಾಸನೆ ಬಂದರೆ ಸಾಕು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಕಣ್ಣಿನ ಹಳದಿ ಕೂಡ ಇಂದು ಸ್ವಲ್ಪ ತಿಳಿಯಾದಂತಿತ್ತು. ಅದು ಬೆಳಕಿನ ಆಟವೋ ನಿಜವೋ ಅವರಿಗೆ ತಿಳಿಯಲಿಲ್ಲ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಮಗಳನ್ನು ಕೂಗಿದರು.

“ಯಮುನಾ, ನಿಮ್ಮಪ್ಪ ಭಜಿ ಕೇಳಾಕತ್ತಾರ. ಕೊಡ್ಲೋ ಬ್ಯಾಡೋ?”

“ಕೊಡವ್ವಾ,” ಎಂದಳು ಯಮುನಾ. ಕೊಟ್ಟರೆ ಏನಾದೀತು ಎಂದು ಯೋಚಿಸುವ ಹಂತವನ್ನು ಆ ಮನೆ ದಾಟಿ ಆಗಿತ್ತು.

ದುರಗಪ್ಪ ಹಳೇ ಹುಬ್ಬಳ್ಳಿಯ ಬ್ಯಾಂಡ್ ಕಂಪನಿಯಲ್ಲಿ ಜೀವಮಾನವೆಲ್ಲ ಕ್ಲಾರಿಯೋನೆಟ್ ಊದಿದವರು. ಮದುವೆಯ ಮೆರವಣಿಗೆ, ಗೃಹಪ್ರವೇಶ, ಚುನಾವಣೆ ಗೆದ್ದವರ ವಿಜಯಯಾತ್ರೆ, ಎಲ್ಲದರ ಮುಂದೆಯೂ ಅವರಿದ್ದರು. ಕಳೆದ ದಸರೆಯ ಹೊತ್ತಿಗೆ ಬೆನ್ನುನೋವೆಂದು ಶುರುವಾದದ್ದು ಕಡೆಗೆ ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಯಕೃತ್ತಿಗೂ ಹಬ್ಬಿತ್ತು. ನೋವು ಕಡಿಮೆ ಮಾಡುವುದೊಂದೇ ದಾರಿ ಎಂದು ವೈದ್ಯರು ಬಿಡಿಸಿ ಹೇಳಿದ್ದರು.

ಮಗಳು ಯಮುನಾ ಕೆಲಸ ಮಾಡುತ್ತಿದ್ದದ್ದು ಶಾಲ್ಮಲಾ ಸಂಶೋಧನಾಲಯದಲ್ಲಿ. ಊರ ಹೊರಗೆ ಆಸ್ಪತ್ರೆಯೂ ಪ್ರಯೋಗಾಲಯವೂ ಒಂದೇ ಕಾಂಪೌಂಡಿನಲ್ಲಿದ್ದ ಆ ಸಂಸ್ಥೆ ದೇಶಕ್ಕೆಲ್ಲ ಹೆಸರಾದದ್ದು ಒಂದು ವೈರಾಣುವಿನಿಂದ. ನಮಗೆಲ್ಲ ನೆಗಡಿ ತರುವ ಸಾಮಾನ್ಯ ವೈರಾಣುವನ್ನು ಹಿಡಿದು, ಅದರ ಗುಣವನ್ನು ತಿದ್ದಿ, ಕ್ಯಾನ್ಸರ್ ಕೋಶಗಳನ್ನು ಮಾತ್ರ ಕೊಲ್ಲುವಂತೆ ಅಲ್ಲಿಯವರು ಪಳಗಿಸಿದ್ದರು. ಆರೋಗ್ಯವಂತ ಕೋಶದೊಳಗೆ ಈ ವೈರಾಣು ಹೊಕ್ಕರೆ ಆ ಕೋಶ ತಕ್ಷಣ ತನ್ನ ಕೆಲಸ ನಿಲ್ಲಿಸಿ ಅದನ್ನು ಸೊರಗಿಸುತ್ತದೆ. ಕ್ಯಾನ್ಸರ್ ಕೋಶಕ್ಕೆ ನಿಲ್ಲಿಸುವುದೇ ಗೊತ್ತಿಲ್ಲ. ಬೆಳೆಯುವುದೊಂದೇ ಅದಕ್ಕೆ ಗೊತ್ತು. ವೈರಾಣು ಅದರೊಳಗೆ ಸಾವಿರವಾಗಿ, ಕೋಶವನ್ನು ಒಡೆದು ಹೊರಬರುತ್ತದೆ. ಒಡೆದ ಕೋಶದ ಚೂರುಗಳನ್ನು ಕಂಡು ದೇಹದ ರಕ್ಷಣಾ ಕೋಶಗಳು, ಇಷ್ಟು ದಿನ ಕಣ್ತಪ್ಪಿಸಿಕೊಂಡಿದ್ದ ಗಡ್ಡೆಯ ಗುರುತು ಹಿಡಿಯುತ್ತವೆ.

ಇಂಥದ್ದು ಊರಲ್ಲಿ ಹರಡಬಾರದಲ್ಲ. ಅದಕ್ಕಾಗಿ ವೈರಾಣುವಿಗೊಂದು ಬೀಗ ಹಾಕಿದ್ದರು. ರೋಗಿ ದಿನವೂ ನುಂಗುವ ಒಂದು ಮಾತ್ರೆಯಲ್ಲಿರುವ ಅಂಶ ಸಿಕ್ಕರೆ ಮಾತ್ರ ಅದು ಮರಿ ಹಾಕುತ್ತಿತ್ತು. ಮಾತ್ರೆ ನಿಂತರೆ ವೈರಾಣುವೂ ಸಾಯುತ್ತಿತ್ತು.

ರೋಗಿಗಳ ಮೇಲಿನ ಪರೀಕ್ಷೆ ಆಗಲೇ ನಡೆದಿತ್ತು. ದುರಗಪ್ಪನವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. ಯಕೃತ್ತು ಅಷ್ಟು ಕೆಟ್ಟವರಿಗೆ ಕೊಡುವಂತಿಲ್ಲ ಎಂಬುದು ನಿಯಮ. ಅದು ತಿಳಿದ ದಿನ ಹನಮವ್ವ ಮಗಳನ್ನು ಕೇಳಿದ್ದರು. “ದಿನಾ ಅದನ್ನ ಕೈಯಾಗ ಹಿಡೀತಿ. ನಿಮ್ಮಪ್ಪಗ ಒಂದ್ ಸೂಜಿ ಹಾಕ್ಸಾಕ ಆಗೂದಿಲ್ಲಾ?” ಯಮುನಾ ಬಚ್ಚಲಿಗೆ ಹೋಗಿ ಅತ್ತಿದ್ದಳು.

ಭಜಿ ತಿಂದ ಮೇಲೆ ಒಂದು ವಾರ ಕಳೆಯಿತು. ದುರಗಪ್ಪ ರೊಟ್ಟಿ ಮುರಿದು ತಿಂದರು. ಗೋಡೆ ಹಿಡಿಯದೆ ಅಂಗಳದ ತನಕ ನಡೆದರು. ನೋವಿನ ಮದ್ದನ್ನು ಅವರೇ ಬೇಡವೆಂದರು. ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿದ್ದ ಗಡ್ಡೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಶಾಲ್ಮಲಾದ ಆಸ್ಪತ್ರೆಯಲ್ಲಿ ಅವರ ನೋವಿಗೆ ಮದ್ದು ಕೊಡುತ್ತಿದ್ದ ನೋವಿನ ವಾರ್ಡಿನ ವೈದ್ಯರು ಹಳೆಯ ಚಿತ್ರವನ್ನೂ ಹೊಸದನ್ನೂ ಬಹಳ ಹೊತ್ತು ನೋಡಿ, ಇವು ಒಬ್ಬರವೇ ಹೌದೇ ಎಂದು ಎರಡು ಸಲ ಕೇಳಿದರು.

ಯಮುನಾಗೆ ಖುಷಿಗಿಂತ ಕುತೂಹಲ ಹೆಚ್ಚಾಯಿತು. ತಂದೆಯ ರಕ್ಷಣಾ ಕೋಶಗಳು ಹೇಗಿವೆ ನೋಡಬೇಕೆನಿಸಿ, ಅವರನ್ನು ಕೇಳಿಯೇ ತುಸು ರಕ್ತ ತೆಗೆದು ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿನ ಯಂತ್ರ ಯಾವ ರಕ್ತವನ್ನೇ ಹಾಕಿದರೂ ಜೊತೆಗೆ ಪಳಗಿಸಿದ ವೈರಾಣುವನ್ನೂ ಹುಡುಕುತ್ತಿತ್ತು. ಅದು ಅದರ ವಾಡಿಕೆ. ಆ ಕಾಲಂ ಖಾಲಿ ಬರುತ್ತದೆಂದು ಅವಳು ನೋಡಲೂ ಹೋಗಿರಲಿಲ್ಲ. ಪರದೆಯ ಮೇಲೆ ಕೆಂಪು ಬಣ್ಣ ಕಂಡಿತು.

ಅವಳು ಇನ್ನೊಮ್ಮೆ ಪರೀಕ್ಷೆ ಮಾಡಿದಳು. ಮತ್ತೆ ಕೆಂಪು. ತಂದೆಯ ಮೈಯಲ್ಲಿ ಶಾಲ್ಮಲಾದ ವೈರಾಣು ತುಂಬಿಕೊಂಡಿತ್ತು. ಅವರಿಗೆ ಯಾರೂ ಅದನ್ನು ಕೊಟ್ಟಿರಲಿಲ್ಲ. ಬೀಗ ತೆಗೆಯುವ ಮಾತ್ರೆಯನ್ನೂ ಅವರು ನುಂಗಿರಲಿಲ್ಲ.

ಕ್ಯಾಂಟೀನಿನಲ್ಲಿ ಚಹಾದ ಮುಂದೆ ಕೂತು ಅವಳು ಮುಂದಿನದನ್ನು ಲೆಕ್ಕ ಹಾಕಿದಳು. ಇದನ್ನು ಕಂಡವರು ಮೊದಲು ಆಡುವ ಮಾತು ಒಂದೇ: ಮಗಳು ಕದ್ದು ಒಯ್ದು ಅಪ್ಪನಿಗೆ ಚುಚ್ಚಿದಳು. ಕೆಲಸ ಹೋಗುತ್ತದೆ, ಕೇಸೂ ಆಗಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಪರೀಕ್ಷೆಯಿಂದ ಹೊರಗಿನವರಲ್ಲಿ ವೈರಾಣು ಸಿಕ್ಕರೆ, ಅದನ್ನು ಕೊಲ್ಲುವ ಮದ್ದನ್ನು ಕೂಡಲೇ ಕೊಡಬೇಕೆಂದು ನಿಯಮವಿತ್ತು. ಗಡ್ಡೆ ಇನ್ನೂ ಅರ್ಧ ಉಳಿದಿದೆ. ವೈರಾಣು ಸತ್ತರೆ ಗಡ್ಡೆ ಬೆಳೆಯುತ್ತದೆ.

ಸಂಜೆ ಮನೆಗೆ ಬಂದು ಬಾಗಿಲು ಮುಂದೆ ಮಾಡಿ ಇಬ್ಬರಿಗೂ ಎಲ್ಲವನ್ನೂ ಹೇಳಿದಳು.

ಹನಮವ್ವ ಮೊದಲು ಬಾಯಿ ಬಿಟ್ಟರು. “ಯಾರಿಗೆ ಗೊತ್ತೈತಿ ಇದು?”

“ನನಗ ಅಷ್ಟ.”

“ಹಂಗಾದ್ರ ಅಲ್ಲಿಗೇ ಬಿಡು. ದೇವ್ರು ಕೊಟ್ಟಾನ. ಹೆಂಗ ಕೊಟ್ಟಿ ಅಂತ ಕೇಳ್ತಾರೇನು?”

“ಅವ್ವಾ, ಇದು ಬೀಗ ಮುರಕೊಂಡು ಹೊರಗ ಬಂದೈತಿ. ಬ್ಯಾರೆ ಯಾರಿಗೆ ಹತ್ತೇತಿ, ಅವ್ರಿಗೆ ಏನ್ ಆದೀತು, ನನಗೂ ಗೊತ್ತಿಲ್ಲ.”

ದುರಗಪ್ಪ ಹೊದಿಕೆಯನ್ನು ಮೊಣಕಾಲಿನ ಮೇಲೆ ಮಡಚಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಮಗಳನ್ನು ಕೇಳಿದರು.

“ನೀ ಕದ್ದಿಯೇನು?”

“ಇಲ್ಲಪ್ಪಾ.”

“ಮತ್ತ ಹೋಗಿ ಹೇಳು.”

“ನಂಬಂಗಿಲ್ಲ ಅವ್ರು.”

“ನಂಬಲಿ, ಬಿಡಲಿ. ನಮ್ಮ ಮುತ್ಯಾಗ ಬ್ರಿಟಿಷರ ಕಾಲದಾಗ ದಿನಾ ಠಾಣೇದಾಗ ಹಾಜರಿ ಹಾಕಸ್ತಿದ್ರು. ಏನೂ ಕದ್ದಿದ್ದಿಲ್ಲ ಆತ. ಈ ಜಾತ್ಯಾಗ ಹುಟ್ಟಿದ್ದ, ಅಷ್ಟ. ಕದ್ದೀರಿ ಅನ್ನೂ ಮಾತು ನಮ್ಮ ಮನಿಗೆ ಹೊಸಾದಲ್ಲವ್ವಾ. ಮುಚ್ಚಿಟ್ಟಿವಿ ಅಂದ್ರ ಮಾತ್ರ ಅದು ಖರೇ ಆಗ್ತೈತಿ.”

“ಅಪ್ಪಾ, ಅವ್ರು ನಿನಗ ಆ ಮದ್ದು ಕೊಟ್ರ?”

ದುರಗಪ್ಪ ಮಡಚಿದ ಹೊದಿಕೆಯನ್ನು ಪಕ್ಕಕ್ಕಿಟ್ಟರು. “ಭಜಿ ತಿಂದೀನಲ್ಲ,” ಎಂದರು. “ನಿಮ್ಮವ್ವ ಮಾಡಿದ್ದು ಇನ್ನೊಮ್ಮೆ ತಿನ್ನೂದು ಆಗ್ತೇತಿ ಅಂತ ನಾ ತಿಳಕೊಂಡಿದ್ದಿಲ್ಲ.”

ಹನಮವ್ವ ಎದ್ದು ಅಡುಗೆಮನೆಗೆ ಹೋದರು.

ಮರುದಿನ ಯಮುನಾ ತನ್ನ ಮೇಲಧಿಕಾರಿ ಡಾಕ್ಟರ್ ರಜಿಯಾ ಕಿತ್ತೂರ ಅವರ ಕೋಣೆಗೆ ಹೋದಳು. ಈ ವೈರಾಣುವನ್ನು ಪಳಗಿಸುವುದರಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು ರಜಿಯಾ. ಅವರು ಅವಳ ಮಾತನ್ನು ತಡೆಯದೆ ಪೂರ್ತಿ ಕೇಳಿದರು.

“ನೀ ತಗೊಂಡ್ ಹೋಗಿದ್ದೇನು?”

“ಇಲ್ರಿ ಮೇಡಮ್.”

“ನಾ ನಂಬತೀನಿ. ಆದ್ರ ನಾ ನಂಬಿದ್ರ ಸಾಲೂದಿಲ್ಲ. ನಿನ್ನ ಕಾರ್ಡ್ ಇಲ್ಲಿ ಇಡು. ಇದು ಮುಗಿಯೂತನಕ ನೀ ಯಾವ ಬಾಗಿಲಾನೂ ತೆಗಿಯೂದು ಬ್ಯಾಡ.”

ಯಮುನಾ ಕೊರಳಲ್ಲಿದ್ದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ತನ್ನದೇ ಪ್ರಯೋಗಾಲಯದ ಹೊರಗಿನ ಬೆಂಚಿನಲ್ಲಿ ಸಂದರ್ಶಕರಂತೆ ಕೂತಳು.

ಒಳಗೆ ಫ್ರೀಜರುಗಳನ್ನು ತೆರೆದು ಒಂದೊಂದು ಶೀಶೆಯನ್ನೂ ನೋಡಿದರು. ಯಾವುದೂ ಕಡಿಮೆಯಾಗಿರಲಿಲ್ಲ. ಆಮೇಲೆ ದುರಗಪ್ಪನವರ ರಕ್ತದಿಂದ ತೆಗೆದ ವೈರಾಣುವಿನ ವಂಶವಾಹಿಯ ಅಕ್ಷರಗಳನ್ನು ಸಾಲಾಗಿ ಓದಿಸಿದರು. ಎರಡನೆಯ ದಿನ ಮಧ್ಯಾಹ್ನ ರಜಿಯಾ ತಾವೇ ಹೊರಬಂದು ಅವಳನ್ನು ನಿಯಂತ್ರಣ ಕೊಠಡಿಗೆ ಕರೆದೊಯ್ದರು. ಗೋಡೆಯ ತುಂಬ ಪರದೆಗಳಿದ್ದವು. ಪರೀಕ್ಷೆಗೆ ಒಳಗಾದ ಎಲ್ಲ ರೋಗಿಗಳ ವೈರಾಣುವಿನ ಲೆಕ್ಕ ಅಲ್ಲಿ ದಿನವೂ ಬರುತ್ತಿತ್ತು.

“ಇಲ್ನೋಡು,” ಎಂದು ರಜಿಯಾ ಬೆರಳಿಟ್ಟರು. “ಬೀಗ ಇದ್ದ ಜಾಗಾದಾಗ ಒಂದ ಒಂದ್ ಅಕ್ಷರ ಬದಲಾಗೇತಿ. ಅದಕ್ಕ ಈಗ ಮಾತ್ರೆ ಬೇಕಾಗಿಲ್ಲ. ನಮ್ಮ ಫ್ರೀಜರಿನಾಗ ಇರೂ ಯಾವುದರಾಗೂ ಈ ಬದಲಾವಣಿ ಇಲ್ಲ. ಅಂದ್ರ ನಿಮ್ಮಪ್ಪಗ ಬಂದಿದ್ದು ನಮ್ಮ ಶೀಶೆದಿಂದ ಅಲ್ಲ.”

“ಮತ್ತ ಎಲ್ಲಿಂದ್ರಿ?”

“ಇದ ಅಕ್ಷರ ಇನ್ನೊಬ್ರ ಮೈಯಾಗ ಐತಿ. ಸುಮಂಗಲಾ ಹಿರೇಮಠ ಅಂತ. ಕರುಳಿನ ಕ್ಯಾನ್ಸರ್. ನಮ್ಮ ಪರೀಕ್ಷಾದಾಗ ಎಲ್ಲಾರಿಗಿಂತ ಆರಾಮ ಇರೂದು ಅವ್ರೇ. ನಿಮ್ಮಪ್ಪಗೂ ಅವ್ರಿಗೂ ಏನ್ ಸಂಬಂಧ?”

ಯಮುನಾಗೆ ಆ ಹೆಸರೇ ಗೊತ್ತಿರಲಿಲ್ಲ.

ಸಂಜೆ ಇಬ್ಬರೂ ಮಾಸ್ಕ್ ಹಾಕಿಕೊಂಡು ಹಳೇ ಹುಬ್ಬಳ್ಳಿಯ ಮನೆಗೆ ಬಂದರು. ಹೆಸರು ಕೇಳಿದ ಕೂಡಲೇ ದುರಗಪ್ಪನವರ ಮುಖ ಅರಳಿತು.

“ಅಕ್ಕಾರು? ಗೊತ್ತಲ್ರಿ. ಗದಗದಾಗ ಹೈಸ್ಕೂಲ್ ಹೆಡ್ ಮಿಸ್ಟ್ರೆಸ್ ಇದ್ದಂಥವ್ರು.”

ನೋವಿನ ವಾರ್ಡಿಗೂ ಪರೀಕ್ಷೆಯ ವಾರ್ಡಿಗೂ ನಡುವೆ ಒಂದು ಪಡಸಾಲೆಯಿತ್ತು. ಮದ್ದು ಏರಿಸಿಕೊಳ್ಳಲು ಬಂದ ದಿನಗಳಲ್ಲಿ ದುರಗಪ್ಪ ಅಲ್ಲಿ ಬಿಸಿಲಿಗೆ ಕೂರುತ್ತಿದ್ದರು. ಕೈಗೆ ಬಲವಿಲ್ಲದಿದ್ದರೂ ಕ್ಲಾರಿಯೋನೆಟ್ ಜೊತೆಗಿರಬೇಕು. ಒಂದು ದಿನ ಮೆಲ್ಲಗೆ ನಾಲ್ಕು ಸ್ವರ ಊದಿದಾಗ ಆ ಬದಿಯ ಬೆಂಚಿನಲ್ಲಿದ್ದ ಸುಮಂಗಲಾ ಎದ್ದು ಬಂದಿದ್ದರು.

“ನನಗೂ ಒಮ್ಮೆ ಊದಾಕ ಕೊಡ್ತೀರೇನು ಅಂದ್ರು. ನಾ ಗಾಬರಿ ಆದೆ. ನನ್ನ ಎಂಜಲೈತ್ರಿ ಅಕ್ಕಾರ, ತೊಳದು ಕೊಡ್ತೀನಿ ಅಂದೆ. ಬ್ಯಾಡ ಅಂದ್ರು. ಸಣ್ಣಾಕಿ ಇದ್ದಾಗ ನಮ್ಮನಿ ಮದಿವ್ಯಾಗ ಇದನ್ನ ಮುಟ್ಟಾಕ ಹೋಗಿದ್ದೆ, ಅದು ಭಜಂತ್ರ್ಯಾರ ಬಾಯಾಗಿಂದು ಅಂತ ಅಪ್ಪ ಕೈ ಎಳದು ಕೂಡ್ರಿಸಿದ್ರು, ಈಗ ಎಳ್ಯಾಕ ಯಾರೂ ಇಲ್ಲ, ಕೊಡ್ರಿ ಅಂದ್ರು. ಹಂಗ ಬಾಯಾಗ ಇಟ್ಕೊಂಡ್ರು. ಮೊದ್ಲು ಬರೇ ಗಾಳಿ ಬಂತು. ಆಮ್ಯಾಲ ಬಾತುಕೋಳಿ ಒದರಿದಂಗ ಒಂದ್ ದನಿ. ಇಬ್ರೂ ನಕ್ಕಿದ್ದ ನಕ್ಕಿದ್ದು.”

ರಜಿಯಾ ಮುಂದಕ್ಕೆ ಬಾಗಿದರು. “ಅವ್ರು ವಾಪಸ್ ಕೊಟ್ಟ ಮ್ಯಾಲ ನೀವೂ ಊದಿದ್ರಿ?”

“ಹೌದ್ರಿ. ಹೆಂಗ ಊದೂದು ಅಂತ ತೋರಿಸಬೇಕಾಗಿತ್ತಲ್ಲ.”

“ವರಸ್ಕೊಳ್ಳಿಲ್ಲಾ?”

ದುರಗಪ್ಪ ಸಂಕೋಚದಿಂದ ಕೈ ನೋಡಿಕೊಂಡರು. “ಅವ್ರು ವರಸಲಿಲ್ಲ. ಅವ್ರ ಮುಂದ ನಾ ಹೆಂಗ ವರಸ್ಲಿ? ಅವ್ರಿಗೆ ಬ್ಯಾಸರ ಆಗ್ತಿತ್ತು.”

ರಜಿಯಾ ಯಮುನಾಳ ಕಡೆ ನೋಡಿದರು. ಸುಮಂಗಲಾರ ಮೈಯಲ್ಲಿ ಬೀಗ ಮುರಿದುಕೊಂಡ ವೈರಾಣು ಜೊಲ್ಲಿನಲ್ಲಿ ಇಳಿದಿತ್ತು. ಕ್ಲಾರಿಯೋನೆಟ್ಟಿನ ಬಾಯಿಗೆ ಕಟ್ಟಿದ ಒದ್ದೆ ಜೊಂಡಿನ ಪಟ್ಟಿಯ ಮೇಲೆ ಕೂತು ಅದು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಿತ್ತು. ಅಷ್ಟು ಸರಳವಾಗಿತ್ತು ವಿಷಯ. ರಜಿಯಾ ತಮ್ಮ ಚೀಲದಿಂದ ಯಮುನಾಳ ಕಾರ್ಡ್ ತೆಗೆದು ಅವಳ ಕೈಯಲ್ಲಿಟ್ಟರು. ಹನಮವ್ವ ಚಹಾ ತಂದು ಮೊದಲು ರಜಿಯಾರ ಕೈಗೆ ಕೊಟ್ಟರು.

ಆದರೆ ನಿಯಮ ನಿಯಮವೇ. ಸುರಕ್ಷತಾ ಸಮಿತಿಯ ಸಭೆ ಕರೆಯಲಾಯಿತು. ಅಲ್ಲಿಯವರೆಗೆ ದುರಗಪ್ಪ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ವೈರಾಣು ಕೊಲ್ಲುವ ಮದ್ದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಒಬ್ಬ ನರ್ಸ್ ದಿನವೂ ಬಂದು ಅವರ ಪಡಸಾಲೆಯಲ್ಲಿ ಕೂರುತ್ತಿದ್ದಳು. ಫೋನ್ ಬಂದರೆ ಕೊಡಬೇಕು. ಹನಮವ್ವ ಅವಳಿಗೆ ಊಟಕ್ಕೆ ಹಾಕುತ್ತಿದ್ದರು. ಆದರೆ ಆ ಪೆಟ್ಟಿಗೆಯ ಹತ್ತಿರ ಮಾತ್ರ ಹಾಯುತ್ತಿರಲಿಲ್ಲ.

ಸಮಿತಿಯವರ ಪ್ರಶ್ನೆ ಒಂದೇ ಆಗಿತ್ತು. ಇದು ಕ್ಯಾನ್ಸರ್ ಇಲ್ಲದವರಿಗೆ ಏನು ಮಾಡುತ್ತದೆ? ಅದಕ್ಕೆ ಉತ್ತರ ಹನಮವ್ವನ ಬಳಿಯೇ ಇತ್ತು. ಮದುವೆಯಾದಾಗಿನಿಂದ ಗಂಡ ಕುಡಿದು ಬಿಟ್ಟ ಚಹಾವನ್ನೇ ಕುಡಿಯುವುದು ಅವರ ರೂಢಿ. ಅವರ ರಕ್ತ ನೋಡಿದಾಗ ವೈರಾಣು ಬಂದುಹೋದ ಗುರುತು ಮಾತ್ರ ಸಿಕ್ಕಿತು, ವೈರಾಣು ಸಿಗಲಿಲ್ಲ.

“ಹೋದ ತಿಂಗಳ ಮೂಗು ಸೋರಿತ್ರಿ,” ಎಂದು ಹನಮವ್ವ ನೆನಪಿಸಿಕೊಂಡರು. “ಕಷಾಯ ಕುಡದೆ, ಹೋತು.”

ಅದು ಕಷಾಯದಿಂದ ಹೋದದ್ದಲ್ಲ, ಆರೋಗ್ಯವಂತ ಮೈಯಲ್ಲಿ ಅದಕ್ಕೆ ನೆಲೆ ಸಿಗದೆ ಹೋದದ್ದು ಎಂದು ರಜಿಯಾ ಸಮಿತಿಗೆ ವಿವರಿಸಿದರು. ಸುಮಂಗಲಾರ ಮನೆಯವರನ್ನೂ, ಬ್ಯಾಂಡಿನ ಗೆಳೆಯರನ್ನೂ, ವಾರ್ಡಿನ ನರ್ಸುಗಳನ್ನೂ ಪರೀಕ್ಷಿಸಿದರು. ಯಾರಲ್ಲಿಯೂ ಅದು ಉಳಿದಿರಲಿಲ್ಲ. ಗಾಳಿಯಲ್ಲಿ ಅದು ಹಾರುತ್ತಿರಲಿಲ್ಲ. ಎಂಜಲು ನೇರವಾಗಿ ಬಾಯಿಗೆ ಬಿದ್ದರೆ ಮಾತ್ರ ದಾಟುತ್ತಿತ್ತು. ದಿನಗಟ್ಟಲೆ ವಾದ ನಡೆದು ಕಡೆಗೆ ಸಮಿತಿ ತೀರ್ಮಾನ ಹೇಳಿತು. ದುರಗಪ್ಪ ಇನ್ನೂ ಕೆಲವು ವಾರ ಮನೆಯಲ್ಲಿಯೇ ಇರಲಿ, ತಟ್ಟೆ ಲೋಟ ಬೇರೆ ಇರಲಿ, ಮದ್ದು ಕೊಡುವುದು ಬೇಡ. ನರ್ಸ್ ಫೋನಿಟ್ಟು ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಹನಮವ್ವ ಅವಳನ್ನು ನಿಲ್ಲಿಸಿ, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿ ಕಳಿಸಿದರು.

ಸುದ್ದಿ ಊರಲ್ಲಿ ಹಬ್ಬಲು ತಡವಾಗಲಿಲ್ಲ. ಭಜಂತ್ರಿ ದುರಗಪ್ಪನ ಎಂಜಲಿನಲ್ಲಿ ಕ್ಯಾನ್ಸರಿನ ಮದ್ದಿದೆ ಎಂದು ಜನ ಮಾತಾಡಿಕೊಂಡರು. ಮನೆಯ ಮುಂದೆ ಕಾರುಗಳು ನಿಲ್ಲತೊಡಗಿದವು. ಕೆಲವರು ಹಣ್ಣು ತಂದರು, ಅದರಲ್ಲಿ ಒಂದನ್ನು ಕಚ್ಚಿ ಕೊಡಲಿ ಎಂದು. ಒಬ್ಬಾಕೆ ಗಂಡನ ರಿಪೋರ್ಟುಗಳ ಚೀಲ ಹಿಡಿದು ಅಂಗಳದಲ್ಲಿ ಕೂತು, ಏನೂ ಕೇಳದೆ, ಸುಮ್ಮನೆ ಅತ್ತು ಹೋದಳು.

ಒಂದು ಮಧ್ಯಾಹ್ನ ಕುಂದಗೋಳದ ಕಡೆಯ ಶಂಕರಗೌಡ ಪಾಟೀಲರು ಬಂದರು. ಅವರ ಮನೆತನದ ಮೂರು ಮದುವೆಗಳಿಗೆ ದುರಗಪ್ಪ ಊದಿದ್ದರು. ಅಲ್ಲಿ ಬ್ಯಾಂಡಿನವರಿಗೆ ಹಿತ್ತಲಲ್ಲಿ ಊಟ, ನೀರು ಮೇಲಿನಿಂದ ಬೊಗಸೆಗೆ. ಪಾಟೀಲರು ಕಟ್ಟೆಯ ಮೇಲೆ ಕೂತು ಬೆಳ್ಳಿಯ ಚರಿಗೆಯೊಂದನ್ನು ಮುಂದಿಟ್ಟರು. ಅದರಲ್ಲಿ ಹಾಲಿತ್ತು.

“ದುರಗಪ್ಪಾ, ನನ್ನ ತಮ್ಮಗ ಗಂಟಲದಾಗ ಆಗೇತಿ. ಒಂದ್ ಗುಟುಕು ಕುಡದು ಉಳದಿದ್ದ ಕೊಡು. ನಿನ್ನ ಕಾಲ್ ಬೀಳ್ತೀನಿ.”

ದುರಗಪ್ಪ ಚರಿಗೆಯನ್ನು ನೋಡಿದರು. ಒಳಗಿನಿಂದ ಯಮುನಾ ತಂದೆಯನ್ನೇ ಗಮನಿಸುತ್ತಿದ್ದಳು. ಹಿತ್ತಲಿನ ಊಟವನ್ನು ಅವರು ಮರೆತಿರಲಾರರು. ಆದರೆ ಅವರ ದನಿಯಲ್ಲಿ ಅದು ಕೇಳಲಿಲ್ಲ.

“ಗೌಡ್ರ, ಕಾಲ್ ಬೀಳೂ ಮಾತು ಬ್ಯಾಡ್ರಿ. ನಾ ಕೊಡೂದಿಲ್ಲ ಅಂತಲ್ಲ. ಕೆಲವ್ರ ಮೈಗೆ ಇದು ಒಗ್ಗದಿದ್ರ ಜ್ವರಾ ಏರಿ ಜೀವಕ್ಕ ಬರ್ತೈತಂತ. ನನ್ನ ಮಗಳು ಹೇಳ್ಯಾಳ. ನಿಮ್ಮ ತಮ್ಮನ್ನ ಕರಕೊಂಡು ಆಸ್ಪತ್ರಿಗೆ ಹೋಗ್ರಿ, ಹೆಸರು ಹಚ್ಚಸ್ರಿ. ಅವ್ರು ನೋಡಿ, ಅಳದು, ಕೊಡ್ತಾರ. ಅವಸರಾ ಮಾಡಿ ತಮ್ಮನ್ನ ಕಳಕೋಬ್ಯಾಡ್ರಿ.”

ಪಾಟೀಲರು ತಲೆಯಾಡಿಸಿದರು. ಹೊರಡುವ ಮೊದಲು ಹನಮವ್ವ ತಂದ ನೀರಿನ ತಂಬಿಗೆಯನ್ನು ಬಾಯಿಗೆ ಹಚ್ಚಿಯೇ ಕುಡಿದರು.

ಬೇಸಿಗೆ ಮುಗಿಯುವ ಹೊತ್ತಿಗೆ ದುರಗಪ್ಪನವರ ಸ್ಕ್ಯಾನಿನಲ್ಲಿ ಗಡ್ಡೆಯ ಜಾಗದಲ್ಲಿ ಒಂದು ಸಣ್ಣ ಗಾಯದ ಕಲೆ ಮಾತ್ರ ಉಳಿದಿತ್ತು. ಮುಂದೆಯೂ ಹೀಗೇ ಇರುತ್ತದೆಂದು ಯಾರೂ ಮಾತು ಕೊಡಲಿಲ್ಲ. ಇವರೂ ಕೇಳಲಿಲ್ಲ. ಅವರ ಮೈಯಲ್ಲಿ ಬೆಳೆದ ವೈರಾಣು ಮೂಲದ್ದಕ್ಕಿಂತ ಮೃದುವಾಗಿಯೂ ಚುರುಕಾಗಿಯೂ ಇತ್ತು. ಕೆಟ್ಟ ಯಕೃತ್ತಿನವರೂ ಅದನ್ನು ತಾಳಬಲ್ಲರೆಂದು ಗೊತ್ತಾಯಿತು. ಯಾರನ್ನು ಇಷ್ಟು ದಿನ ಪರೀಕ್ಷೆಯಿಂದ ಹೊರಗಿಟ್ಟಿದ್ದರೋ ಅವರಿಗಾಗಿಯೇ ಹೊಸದೊಂದು ಪರೀಕ್ಷೆ ಶುರುಮಾಡಲು ರಜಿಯಾ ಸಿದ್ಧರಾದರು. ಅದಕ್ಕೆ ದುರಗಪ್ಪನವರ ಜೊಲ್ಲು ಬೇಕಿತ್ತು, ಅವರ ಒಪ್ಪಿಗೆಯೂ.

“ತಗೋರಿ,” ಎಂದರು ದುರಗಪ್ಪ. “ರೊಕ್ಕಾ ಬ್ಯಾಡ. ಯಾರಿಗೆ ಕೊಡ್ತೀರಿ ಅಂತನೂ ಕೇಳೂದಿಲ್ಲ. ಒಂದ ಮಾತು. ತಗೊಳ್ಳಾವ್ರಿಗೆ ಇದು ಎಲ್ಲಿಂದ ಬಂತು ಅಂತ ಹೇಳಬೇಕು. ಹೆಸರು ಬ್ಯಾಡ. ಬ್ಯಾಂಡಿನ್ಯಾಗ ಊದೂ ಭಜಂತ್ರಿ ಬಾಯಾಗಿಂದು ಅಂತ ಹೇಳ್ರಿ.”

“ಯಾಕ?” ಎಂದು ಕೇಳಿದರು ರಜಿಯಾ. “ಬ್ಯಾಡ ಅಂದವ್ರು ಇದ್ರ?”

“ಇದ್ರ ಇರ್ಲಿ. ಅಕ್ಕಾರು ಗೊತ್ತಿದ್ದು ಬಾಯಾಗ ಇಟ್ಕೊಂಡ್ರು. ಗೊತ್ತಿಲ್ದಂಗ ನಾ ಯಾರ ಬಾಯಾಗೂ ಹಾಕೂದಿಲ್ಲ.”

ಸಮಿತಿ ಇದಕ್ಕೂ ಸ್ವಲ್ಪ ತಡವರಿಸಿತು. ಆದರೆ ದಾನಿಯೇ ಕೇಳಿಕೊಂಡ ಮೇಲೆ ತಡೆಯಲು ಕಾರಣ ಸಿಗಲಿಲ್ಲ.

ಹೊಸ ಪರೀಕ್ಷೆಯ ಮೊದಲ ರೋಗಿ ನರಗುಂದದ ಒಬ್ಬ ಮುದುಕರು. ಊರಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಮೈ ಪೂರಾ ಹಳದಿಯಾಗಿತ್ತು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ವಿವರಿಸುವ ಕೆಲಸವನ್ನು ಯಮುನಾಳೇ ಕೇಳಿ ಪಡೆದಿದ್ದಳು. ಮಂಚದ ಪಕ್ಕ ಕೂತು, ಇದೇನು, ಹೇಗೆ ಕೆಲಸ ಮಾಡುತ್ತದೆ, ಅಪಾಯವೇನು ಎಂದು ಹೇಳಿದಳು. ಕೊನೆಗೆ ಉಳಿದದ್ದನ್ನೂ ಹೇಳಿದಳು.

“ಇದು ಬ್ಯಾಂಡಿನ್ಯಾಗ ಕ್ಲಾರಿಯೋನೆಟ್ ಊದೂ ಒಬ್ಬ ಭಜಂತ್ರಿಯವರ ಎಂಜಲದಿಂದ ತಗದಿದ್ರಿ ಅಜ್ಜಾರ.”

ಮುದುಕರು ಕಣ್ಣು ಮುಚ್ಚಿದರು. ಪಕ್ಕದಲ್ಲಿ ನಿಂತಿದ್ದ ಅವರ ಸೊಸೆ ನೆಲ ನೋಡಿದಳು. ಯಮುನಾ ಕಾದಳು. ಬೇಡವೆಂದರೆ ಸರಿ ಎಂದು ಎದ್ದು ಹೋಗಬೇಕೆಂದು ಅವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು.

“ಅವರಿಗೂ ಇದೇ ರೋಗ ಇತ್ತೇನು?” ಎಂದು ಮುದುಕರು ಕೇಳಿದರು.

“ಇತ್ರಿ.”

“ಈಗ ಆರಾಮ ಇದ್ದಾರೇನು ಅವ್ರು?”

“ಆರಾಮ ಅದಾರ್ರಿ,” ಎಂದಳು ಯಮುನಾ. “ಮುಂಜಾನೆ ಎರಡು ರೊಟ್ಟಿ ತಿಂದು, ಮತ್ತೊಂದು ಕೇಳಿದ್ರು.”

ಮುದುಕರ ಒಣಗಿದ ತುಟಿಯ ಮೇಲೆ ಸಣ್ಣದೊಂದು ನಗು ಮೂಡಿತು. ತೋಳಿನ ಬಟ್ಟೆಯನ್ನು ಮೇಲೆ ಸರಿಸಿ, ಕೈಯನ್ನು ಅವಳ ಕಡೆ ಚಾಚಿದರು.